ಮೆಲ್ಬರ್ನಿನಲ್ಲಿ ಒಂದು ಮನವಿ ಪತ್ರ

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಮೆಲ್ಬರ್ನಿಗೆ ಹೋಗುವ ಹಗಲು ರೈಲು ಬೆಳಿಗ್ಗೆ ಏಳೂ ನಲವತ್ತರ ಸುಮಾರಿಗೆ ಹೊರಡುತ್ತದೆ. ವಿಮಾನದಲ್ಲಾದರೆ ಒಂದೂವರೆ ತಾಸು, ರೈಲಿನಲ್ಲಿ ಹನ್ನೊಂದು ತಾಸು, ದರದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಹಾಗಿರುವಾಗ ರೈಲು ಯಾಕೆ ಎಂದು ಮಗಳು ಅಶ್ವಿನಿ ಮೂರು ಸಲ ಕೇಳಿದಳು. ದೇಶವನ್ನು ನೆಲದ ಮೇಲಿಂದ ನೋಡಬೇಕು ಎಂದೆ. ಅದು ಅರ್ಧ ಸತ್ಯ. ಮೆಲ್ಬರ್ನಿನಲ್ಲಿರುವ ನನ್ನ ತಂಗಿಯ ಮಗಳು ವಿದ್ಯಾ ಹಿಂದಿನ ವಾರ ಫೋನಿನಲ್ಲಿ ಅತ್ತಿದ್ದಳು. ಅವಳ ಎದುರು ಹೋಗಿ ನಿಲ್ಲುವ ಮೊದಲು ಏನು ಮಾಡಬೇಕೆಂದು ಯೋಚಿಸಲು ನನಗೆ ಹನ್ನೊಂದು ತಾಸು ಬೇಕಿತ್ತು.

ವಿದ್ಯಾಳ ಸಂಕಟ ಇಷ್ಟು. ಮೆಲ್ಬರ್ನಿನ ಪಶ್ಚಿಮಕ್ಕಿರುವ ಒಂದು ಸಬರ್ಬಿನಲ್ಲಿ ಅವಳು ಶಿಶುವಿಹಾರದ ಟೀಚರು. ಇಲ್ಲಿನವರು ಅದನ್ನು ಕಿಂಡರ್ ಎನ್ನುತ್ತಾರೆ. ಪಾಲಕರ ಸಮಿತಿ ನಡೆಸುವ ಕಿಂಡರ್ ಅದು, ಕಟ್ಟಡ ಮಾತ್ರ ಇಲ್ಲಿನ ಪುರಸಭೆಯಾದ ಕೌನ್ಸಿಲ್‌ನದು. ದುಬಾರಿಯ ಕಾಲ, ರಿಪೇರಿಗೆ ಹಣವಿಲ್ಲ, ವರ್ಷದ ಕೊನೆಗೆ ಕಟ್ಟಡ ಬಿಟ್ಟುಕೊಡಿ ಎಂದು ಕೌನ್ಸಿಲ್‌ನಿಂದ ಪತ್ರ ಬಂದಿತ್ತು. ವಿದ್ಯಾಳ ವೀಸಾಕ್ಕೆ ಸ್ಪಾನ್ಸರ್ ಆ ಸಮಿತಿಯೇ. ಕಿಂಡರ್ ಮುಚ್ಚಿದರೆ ಕೆಲವೇ ತಿಂಗಳಲ್ಲಿ ಇನ್ನೊಬ್ಬ ಸ್ಪಾನ್ಸರ್ ಹುಡುಕಬೇಕು, ಸಿಗದಿದ್ದರೆ ಅವಳು, ಗಂಡ ಸಂಗಮೇಶ, ಆರು ವರ್ಷದ ಮಗಳು ಗಂಟುಮೂಟೆ ಕಟ್ಟಬೇಕು. ಇಲ್ಲಿ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿ ಕೂತಿದ್ದಾರೆ, ಅದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಆ ಕೌನ್ಸಿಲ್‌ನ ಹೆಸರು ಮಾತ್ರ ನಾನಿಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಆಯುಷ್ಯ ಕಳೆದವಳು ನಾನು, ಇನ್ನೊಂದು ಕಚೇರಿಯ ಹೆಸರು ಕೆಡಿಸಲು ಮನಸ್ಸಾಗದು.

ಉತ್ತರ ಕರ್ನಾಟಕದ ಬೇರೆ ಬೇರೆ ತಾಲ್ಲೂಕು ಕಚೇರಿಗಳಲ್ಲಿ ಮೂವತ್ತೊಂದು ವರ್ಷ ದುಡಿದು, ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಕಚೇರಿಯ ಕಾಗದ ಪತ್ರಗಳಿಗೆಲ್ಲ ಶಿರಸ್ತೇದಾರರೇ ಹೊಣೆ. ತಹಶೀಲ್ದಾರರು ಊರಲ್ಲಿಲ್ಲದ ದಿನ ಪ್ರತಿಭಟನೆಯವರು ಬಂದರೆ ಗೇಟಿಗೆ ಹೋಗಿ ಮನವಿ ಪತ್ರ ಸ್ವೀಕರಿಸುವುದೂ ನನ್ನ ಕೆಲಸವಾಗಿತ್ತು. ನಮ್ಮಲ್ಲಿ ಮೆರವಣಿಗೆ ಎಲ್ಲಿಂದ ಹೊರಟರೂ, ಎಷ್ಟು ಕೂಗಿದರೂ ಕೊನೆಗೆ ಒಂದು ಮನವಿ ಪತ್ರ ಕೊಟ್ಟು, ಅಧಿಕಾರಿಯ ಜೊತೆ ಫೋಟೊ ತೆಗೆಸಿಕೊಂಡೇ ಮುಗಿಯಬೇಕು. ಕೊಡುವ ಕೈಗಳನ್ನು ಸಾವಿರ ನೋಡಿದ್ದೇನೆ. ನಾನಾಗಿ ಒಂದನ್ನೂ ಕೊಟ್ಟಿರಲಿಲ್ಲ.

ಹೊರಡುವ ಎರಡು ವಾರ ಮೊದಲು ಅಶ್ವಿನಿಯ ಜೊತೆ ಅವಳ ಮನೆಯಿರುವ ಪೆಂಡಲ್ ಹಿಲ್‌ನಿಂದ ಸಿಡ್ನಿ ಪೇಟೆಗೆ ಬಂದಾಗ ಟೌನ್ ಹಾಲ್ ಮೆಟ್ಟಿಲ ಬಳಿ ರೆಂಟ್ ಏರಿಕೆಯ ವಿರುದ್ಧ ಜನ ಸೇರಿದ್ದರು. ಭಾಷಣವಾಯಿತು, ಘೋಷಣೆಯಾಯಿತು, ಡೋಲು ಬಾರಿಸಿಕೊಂಡು ಒಂದು ಸುತ್ತು ನಡೆದರು. ನಾನು ಕಾದೆ. ಯಾರು ಬಂದು ಮನವಿ ಸ್ವೀಕರಿಸುತ್ತಾರೆ ನೋಡೋಣವೆಂದು. ಯಾರೂ ಬರಲಿಲ್ಲ. ಬೋರ್ಡುಗಳನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲರೂ ಕಾಫಿ ಕುಡಿಯಲು ಹೋದರು. ಇದೆಂಥ ಪ್ರತಿಭಟನೆ, ತಾಳಿ ಕಟ್ಟದ ಮದುವೆ, ಎಂದು ಮಗಳಿಗೆ ಹೇಳಿದೆ. ಅಮ್ಮ, ಇಲ್ಲಿ ಇಷ್ಟೇ ಎಂದಳು. ಆ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿತು.

ರೈಲು ಹೊತ್ತಿಗೆ ಸರಿಯಾಗಿ ಹೊರಟಿತು. ಮೇ ತಿಂಗಳು. ಧಾರವಾಡದಲ್ಲಿ ಜನ ಮಾವಿನ ಹಣ್ಣು ತಿನ್ನುತ್ತಿರುವಾಗ ಇಲ್ಲಿ ಸ್ವೆಟರಿನ ಮೇಲೆ ಶಾಲು ಬೇಕು. ಕ್ಯಾಂಪ್‌ಬೆಲ್‌ಟೌನ್ ದಾಟಿದ ಮೇಲೆ ಮನೆಗಳು ತೆಳುವಾದವು. ಗೋಲ್ಬರ್ನ್ ಬರುವಷ್ಟರಲ್ಲಿ ಒಣಹುಲ್ಲಿನ ಗುಡ್ಡ, ಕುರಿ, ತಂತಿಬೇಲಿ, ಮತ್ತೆ ಕುರಿ. ನಮ್ಮ ಕಡೆಯ ಹಾಗೆ ಬಯಲಾದರೂ ಬಯಲಿನಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ, ಅದೇ ಕಣ್ಣಿಗೆ ಒಗ್ಗದ ಸಂಗತಿ. ರೈಲಿನ ಕ್ಯಾಂಟೀನಿನಲ್ಲಿ ಸಸ್ಯಾಹಾರಿಗೆ ಸಿಕ್ಕಿದ್ದು ಚಹಾ ಮತ್ತು ಒಂದು ಚೀಸ್ ಸ್ಯಾಂಡ್‌ವಿಚ್. ನಾನು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡೇ ಬಂದಿದ್ದೆ.

ಪಕ್ಕದ ಸೀಟಿನಲ್ಲಿ ಡೆಕ್ಲನ್ ಎಂಬ ಐರ್ಲೆಂಡಿನ ಬಡಗಿ ಕೂತಿದ್ದ. ನಲವತ್ತೈದರ ಆಸುಪಾಸು, ಅಲ್ಬರಿಯಲ್ಲಿ ಯಾವುದೋ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ಹೊರಟಿದ್ದ. ರೊಟ್ಟಿಯ ಸದ್ದಿಗೆ ತಿರುಗಿ ನೋಡಿದ, ಕೊಟ್ಟೆ, ತಿಂದ, ಖಾರಕ್ಕೆ ಕಣ್ಣೊರೆಸಿಕೊಂಡ, ಇನ್ನೊಂದು ಕೇಳಿದ. ಹಾಗೆ ಮಾತು ಹತ್ತಿತು. ಇಲ್ಲಿಗೆ ಹೇಗೆ ಬಂದೆ ಎಂದು ಕೇಳಿದ್ದಕ್ಕೆ, ತನ್ನ ದೇಶದಲ್ಲಿ ಬ್ಯಾಂಕುಗಳು ಮುಳುಗಿದ ವರ್ಷದ ಕಥೆ ಹೇಳಿದ. ಅರ್ಧ ಕಟ್ಟಿದ ಮನೆಗಳ ಬಡಾವಣೆಯಲ್ಲಿ ಅವನು ಕಿಟಕಿ ಕೂಡಿಸುತ್ತಿದ್ದನಂತೆ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಜನ ಬೀದಿಗೆ ಇಳಿಯಲಿಲ್ಲವೇ ಎಂದೆ.

"ನಮ್ಮೂರ ಹುಡುಗರು ಬೀದಿಗೆ ಹೋಗಲಿಲ್ಲ, ವಿಮಾನ ನಿಲ್ದಾಣಕ್ಕೆ ಹೋದರು" ಎಂದ. "ಸಿಟ್ಟು ಬಂದವರೆಲ್ಲ ಹೊರಟುಹೋದ ಮೇಲೆ ಕೂಗುವವರು ಯಾರು?"

ಕೆಲವು ವರ್ಷದ ಮೇಲೆ ಸರ್ಕಾರ ಮನೆಮನೆಯ ನೀರಿಗೆ ಮೀಟರ್ ಕೂಡಿಸಲು ಹೊರಟಾಗ ಮಾತ್ರ ಮುದುಕ ಮುದುಕಿಯರೂ ಓಣಿಯಲ್ಲಿ ಅಡ್ಡ ನಿಂತರಂತೆ. ಅವನ ತಾಯಿ ಮೀಟರ್ ಗುಂಡಿಯ ಮೇಲೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತಿದ್ದಳಂತೆ. ಆಗ ಅವನು ಸಿಡ್ನಿಯಲ್ಲಿ. ಅಲ್ಲಿರಬೇಕಿತ್ತು ಎಂದು ಅವನು ಹೇಳಿದ್ದು ನನಗೆ ನಾಟಿತು. ಅಲ್ಬರಿಯಲ್ಲಿ ಇಳಿಯುವಾಗ ಚಟ್ನಿಯ ಪುಡಿಕೆಯನ್ನು ಅವನ ಕೈಗೇ ಕೊಟ್ಟೆ. ಮುಂದೆ ಮರ್ರಿ ನದಿ ದಾಟಿ ವಿಕ್ಟೋರಿಯಾ ರಾಜ್ಯ. ನದಿ ನಾನಂದುಕೊಂಡದ್ದಕ್ಕಿಂತ ಸಣ್ಣದು, ನಮ್ಮ ಮಲಪ್ರಭೆಯಷ್ಟು.

ಸದರ್ನ್ ಕ್ರಾಸ್ ನಿಲ್ದಾಣ ಮುಟ್ಟುವಾಗ ಸಂಜೆ ಆರೂವರೆ ದಾಟಿತ್ತು. ಸಂಗಮೇಶ ಬಂದು ಚೀಲ ಹಿಡಿದ. ಅಲ್ಲಿಂದ ವಿದ್ಯಾಳ ಮನೆಯಿರುವ ಟಾರ್ನೀಟಿಗೆ ಇನ್ನೊಂದು ರೈಲು, ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚು, ನಿಲ್ಲಲೂ ಜಾಗವಿಲ್ಲದಷ್ಟು ಗದ್ದಲ. ಹುಬ್ಬಳ್ಳಿ ಧಾರವಾಡದ ಬಸ್ಸಿನಲ್ಲಿ ನಿಂತ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ಟಾರ್ನೀಟಿನ ಮನೆಗಳೆಲ್ಲ ಒಂದೇ ಅಚ್ಚಿನವು, ನಾಯಿ ಕೂಡ ತನ್ನ ಮನೆ ತಪ್ಪೀತು. ಮನೆಯಲ್ಲಿ ವಿದ್ಯಾ ಅಳಲಿಲ್ಲ. ಬಿಸಿ ಝುಣಕ, ಅನ್ನ, ಸಾರು ಬಡಿಸಿದಳು. ಅವಳ ಮಗಳು ಸಾನ್ವಿ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ನಾನು ಅವಳ ಇಂಗ್ಲಿಷಿಗೆಲ್ಲ ಕನ್ನಡದಲ್ಲಿ. ಇಬ್ಬರಿಗೂ ತೊಂದರೆಯಾಗಲಿಲ್ಲ.

ಮರುದಿನ ಶುಕ್ರವಾರ ಸಂಜೆ ಕಿಂಡರಿನಲ್ಲಿ ಪಾಲಕರ ಸಭೆ. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಎದೆಗೆ ಹತ್ತಿಸಿಕೊಂಡು ಕೂತಿದ್ದರು. ಎಲ್ಲ ದೇಶದವರೂ ಇದ್ದರು. ಮಾತಿನ ಚುಕ್ಕಾಣಿ ಮಾತ್ರ ಇಬ್ಬರು ಹೆಂಗಸರ ಕೈಯಲ್ಲಿತ್ತು. ಒಬ್ಬಳು ಎಲೆನಿ, ವಿದ್ಯಾಳ ಜೊತೆ ಕೆಲಸ ಮಾಡುವ ಸಹಾಯಕಿ, ಅಥೆನ್ಸಿನವಳು, ದನಿ ದೊಡ್ಡದು. ಇನ್ನೊಬ್ಬಳು ಪಿಲಾರ್, ಅವಳಿ ಮಕ್ಕಳ ತಾಯಿ, ಬಾರ್ಸಿಲೋನಾ ಹತ್ತಿರದ ಊರಿನವಳು, ಸಣ್ಣಗೆ ಮಾತಾಡುವವಳು. ಇಬ್ಬರೂ ತಮ್ಮ ದೇಶದ ಆರ್ಥಿಕ ಕುಸಿತದ ಕಾಲದಲ್ಲಿ ಇಲ್ಲಿಗೆ ಬಂದವರು, ಇಬ್ಬರೂ ಬೀದಿ ಕಂಡವರು.

ಎಲೆನಿಗೆ ಮೆರವಣಿಗೆ ಬೇಕು. ಅವಳ ಅಪ್ಪನ ಪಿಂಚಣಿ ಕತ್ತರಿಸಿದಾಗ ಸಂಸತ್ತಿನ ಮುಂದಿನ ಚೌಕದಲ್ಲಿ ವಾರಗಟ್ಟಲೆ ನಿಂತವಳು. ಆ ಕೂಗು ಸರ್ಕಾರದ ಕಿವಿಗೆ ಬೀಳಲಿಲ್ಲ ಎಂಬುದನ್ನೂ ಅವಳೇ ಹೇಳಿದಳು. ಆದರೆ ಚೌಕದಲ್ಲಿ ಪರಿಚಯವಾದವರೇ ಮುಂದೆ ಒಟ್ಟಿಗೆ ಅಡುಗೆ ಮಾಡಿ ಹಂಚಿದರಂತೆ, ರೈತರಿಂದ ನೇರವಾಗಿ ಆಲೂಗಡ್ಡೆ ತರಿಸಿದರಂತೆ, ಕರೆಂಟ್ ಕಿತ್ತ ಮನೆಗಳಿಗೆ ವೈರ್ ಜೋಡಿಸಿಕೊಟ್ಟರಂತೆ. ಪಿಲಾರ್‌ಗೆ ಮೆರವಣಿಗೆಯಲ್ಲಿ ನಂಬಿಕೆಯಿಲ್ಲ. ಅವಳ ಊರಿನಲ್ಲಿ ಮನೆಸಾಲ ಕಟ್ಟಲಾಗದವರನ್ನು ಹೊರಹಾಕಲು ಪೊಲೀಸರು ಬರುವ ಬೆಳಿಗ್ಗೆ ಓಣಿಯವರೆಲ್ಲ ಆ ಬಾಗಿಲ ಮುಂದೆ ಕೂತುಬಿಡುತ್ತಿದ್ದರಂತೆ. ಕೂಗಾಟವಿಲ್ಲ, ಕಲ್ಲಿಲ್ಲ, ಏಳುವುದೂ ಇಲ್ಲ. ಸಭೆಯಲ್ಲಿ ಒಪ್ಪಿಗೆಗೆ ಚಪ್ಪಾಳೆ ತಟ್ಟದೆ ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸುವುದನ್ನು ಅವಳೇ ಕಲಿಸಿದ್ದಳು. ಮದರಂಗಿ ಹಚ್ಚಿ ಒಣಗಿಸುವವರ ಹಾಗೆ ಎಲ್ಲರೂ ಕೈ ಅಲುಗಿಸುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಆ ಪುಟ್ಟ ಕುರ್ಚಿಯ ಮೇಲೆ ಕೂತೇ ಒಂದು ವಿಷಯ ಹೊಳೆಯಿತು. ಏಟು ಎಲ್ಲಿ ಬಿತ್ತೋ ಜನ ಅಲ್ಲೇ ಜಮಾಯಿಸುತ್ತಾರೆ. ಪಿಂಚಣಿ ಹೋದವರು ಸಂಸತ್ತಿನ ಚೌಕಕ್ಕೆ ಹೋದರು, ಮನೆ ಹೋದವರು ಬಾಗಿಲಿಗೆ ಬಂದರು, ಕೆಲಸ ಹೋದವರು ವಿಮಾನ ಹತ್ತಿದರು. ನಮ್ಮ ಜನಕ್ಕೆ ರೇಷನ್ ಕಾರ್ಡು, ಬೆಳೆ ಪರಿಹಾರ, ವಿಧವಾ ವೇತನ ಎಲ್ಲವೂ ತಾಲ್ಲೂಕು ಕಚೇರಿಯ ಕಾಗದದಲ್ಲೇ ಬರುವುದು ಅಥವಾ ಬರದೆ ಉಳಿಯುವುದು. ಹಾಗಾಗಿ ನಾವು ಕಾಗದ ಹಿಡಿದು ಹೋಗುತ್ತೇವೆ. ಇಲ್ಲಿ ಏಟು ಬಂದದ್ದು ಕೌನ್ಸಿಲ್‌ನ ಒಂದು ಪತ್ರದಿಂದ. ಪತ್ರಕ್ಕೆ ಪತ್ರವೇ ಉತ್ತರ. ನಾನು ಎದ್ದು ನಿಂತು, ನನಗೆ ಬರುವ ಇಂಗ್ಲಿಷಿನಲ್ಲಿ, ಮನವಿ ಬರೆಯೋಣ, ಮೂರು ಪ್ರತಿ ಮಾಡೋಣ, ಒಳಗೆ ಹೋಗಿ ನಂಬರ್ ಹಾಕಿಸಿಕೊಂಡೇ ಬರೋಣ ಎಂದೆ. ಎಲೆನಿ ಹುಬ್ಬು ಗಂಟಿಕ್ಕಿದಳು. ಪಿಲಾರ್ ಬೆರಳು ಅಲುಗಿಸಿದಳು. ಸೋಮವಾರ ಬೆಳಿಗ್ಗೆ ಮೆರವಣಿಗೆಯಲ್ಲೇ ಹೋಗಿ ಮನವಿ ಕೊಡುವುದೆಂದು ಠರಾವಾಯಿತು.

ಅದೇ ಸಭೆ ಮುಗಿಯುವ ಮೊದಲು ನಾನು ಬರೆಯಲು ಕೂತೆ. ಮೂವತ್ತೊಂದು ವರ್ಷ ಓದಿದ ನಮೂನೆ ಕೈಗೆ ತಾನಾಗಿ ಬಂತು. ಯಾರಿಗೆ, ಯಾರಿಂದ, ವಿಷಯ, ಉಲ್ಲೇಖ, ಆಮೇಲೆ ಮಾನ್ಯರೇ. ನಮ್ಮಲ್ಲಿ ಅರ್ಜಿದಾರರ ಹೆಸರಿಲ್ಲದ ಕಾಗದಕ್ಕೆ ಬೆಲೆಯಿಲ್ಲ, ಅದನ್ನು ಮೂಗರ್ಜಿ ಎನ್ನುತ್ತಾರೆ, ನೇರವಾಗಿ ಬುಟ್ಟಿಗೆ ಹೋಗುತ್ತದೆ. ಆದ್ದರಿಂದ "ಇಂದ" ಎಂಬಲ್ಲಿ ವಿದ್ಯಾಳ ಪೂರ್ತಿ ಹೆಸರು, ಟೀಚರು ಎಂಬ ಹುದ್ದೆ, ಟಾರ್ನೀಟಿನ ವಿಳಾಸ ಬರೆದೆ. ಅವಳನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಮನೆಯ ಹಿರಿಯರು ಮನೆಯ ಹುಡುಗಿಯ ಹೆಸರು ಬರೆಯಲು ಅಪ್ಪಣೆ ಯಾಕೆ ಕೇಳಬೇಕು? ಅವಳು ಆಗ ಹಿಂದಿನ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಸಮಿತಿಯ ಪ್ರಿಂಟರಿನಲ್ಲಿ ಪ್ರತಿ ತೆಗೆದು ಹಂಚಿದೆವು, ಮನೆಗೆ ಹೊರಡುವ ಮುನ್ನ ಎಲ್ಲರೂ ಕೆಳಗೆ ಸಹಿ ಮಾಡಿದರು. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಚಹಾ ಕುಡಿಯುವಾಗ ವಿದ್ಯಾ ಆ ಕಾಗದ ನೋಡಿದಳು. ಕಪ್ಪನ್ನು ಕೆಳಗಿಟ್ಟಳು. ಅವಳ ಮುಖ ಸುಣ್ಣದಂತಾಯಿತು.

"ಯಾರನ್ನ ಕೇಳಿ ನನ್ನ ಹೆಸರು ಬರದಿ ದೊಡ್ಡವ್ವಾ?" ಎಂದಳು. "ನೀ ಇನ್ನೆರಡು ವಾರಕ್ಕ ಹೊಂಟ್ಹೋಗ್ತಿ. ನಾಳೆ ಏನರ ಆದ್ರ ಉತ್ತರ ಕೊಡಾಕಿ ನಾನು."

ಟಾರ್ನೀಟಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡುತ್ತಿತ್ತಂತೆ. ಪ್ರತಿಭಟನೆಯಲ್ಲಿ ಹೆಸರು ಬಂದರೆ ಪಿಆರ್ ಫೈಲು ಮೂಲೆ ಸೇರುತ್ತದೆ ಎಂದು. ಹಾಗೇನೂ ಇಲ್ಲ, ಶಾಂತವಾಗಿ ಮನವಿ ಕೊಡುವುದು ಎಲ್ಲರ ಹಕ್ಕು ಎಂದು ಅವಳ ವೀಸಾ ಏಜೆಂಟರು ಹೇಳಿದ್ದರು. ಆದರೆ ಹೆದರಿಕೆಗೆ ಏಜೆಂಟರ ಮಾತು ಕೇಳಿಸುವುದಿಲ್ಲ. ಸಂಗಮೇಶ ನಡುವೆ ಬಾಯಿ ಹಾಕಿ, ಬರದಿದ್ದು ಬರದಾತು ಬಿಡು ಎಂದ. ಅವಳು ಅವನ ಮೇಲೂ ಹರಿಹಾಯ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ನನ್ನ ಮೇಲೆ ಸಿಟ್ಟೂ ಬಂತು. ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮಧ್ಯಾಹ್ನ ಬಾಗಿಲು ತಟ್ಟಿ ಒಳಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ, ಯಾರಿಗೂ ಹೇಳದ ಒಂದು ಸಂಗತಿ ಹೇಳಿದೆ. ಹಿಂದೆ ನಾನಿದ್ದ ಒಂದು ತಾಲ್ಲೂಕಿಗೆ ಅಂಗನವಾಡಿ ಕಾರ್ಯಕರ್ತೆಯರು ಬಿಸಿಲಿನಲ್ಲಿ ನಡೆದುಕೊಂಡು ಬಂದಿದ್ದರು. ಗೌರವಧನ ತಿಂಗಳುಗಟ್ಟಲೆ ಬಂದಿರಲಿಲ್ಲ. ನಾನೇ ಗೇಟಿಗೆ ಹೋಗಿ, ನಗುನಗುತ್ತ ಮನವಿ ತೆಗೆದುಕೊಂಡು, ಮೇಲಕ್ಕೆ ಕಳಿಸುತ್ತೇವೆ ತಾಯಿ ಎಂದು ಹೇಳಿ ಕಳಿಸಿದೆ. ಬಂದ ಕಾಗದಕ್ಕೆಲ್ಲ ನಂಬರ್ ಹಾಕುವ ಪುಸ್ತಕಕ್ಕೆ ನಮ್ಮಲ್ಲಿ ಆವಕ ರಿಜಿಸ್ಟರ್ ಎನ್ನುತ್ತೇವೆ. ಕೇಳಿದವರ ಕಾಗದಕ್ಕೆ ನಂಬರ್ ಬೀಳುತ್ತಿತ್ತು, ಕೇಳದವರದ್ದಕ್ಕೆ ಇಲ್ಲ. ಆ ಹೆಂಗಸರು ಕೇಳಲಿಲ್ಲ. ಅವರ ಮನವಿ ನನ್ನ ಮೇಜಿನ ಒಳಖಾನೆಯಲ್ಲೇ ಉಳಿಯಿತು. ಮರುವರ್ಷ ವರ್ಗವಾಗಿ ಹೋಗುವಾಗ ಅದನ್ನು ನೋಡಿದೆ, ನೋಡಿ ಅಲ್ಲೇ ಇಟ್ಟೆ.

ಹಿಂಗಾಗಿ ನಿನಗ ಇಷ್ಟ ಅವಸರ ಏನ ಎಂದು ವಿದ್ಯಾ ಕೇಳಿದಳು. ಹೌದು ಎಂದೆ. ಅವಳ ಹೆಸರು ತೆಗೆದು, ಆ ಜಾಗದಲ್ಲಿ ಕಿಂಡರಿನ ಪಾಲಕರು ಎಂದಷ್ಟೇ ಹಾಕಿ ಬೇರೆ ಕಾಗದ ಬರೆದೆ. ಹಳೆಯದನ್ನು ಅವಳ ಕೈಗೇ ಕೊಟ್ಟೆ, ಅವಳು ಹರಿದಳು.

ಅಂದರೆ ಎಲ್ಲರ ಸಹಿ ಮತ್ತೆ ಬೇಕು. ಭಾನುವಾರ ಬೆಳಿಗ್ಗೆ ಕಿಂಡರ್ ಮುಂದೆ ಛತ್ರಿ ಹಿಡಿದು, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ನಿಂತೆ. ಪಾಲಕರಿಗೆಲ್ಲ ಎಲೆನಿ ಸಂದೇಶ ಕಳಿಸಿದ್ದಳು. ಮೆಲ್ಬರ್ನಿನ ಹವೆ ಕೇಳಬೇಡಿ. ಒಂದು ತಾಸಿನಲ್ಲಿ ಬಿಸಿಲು, ತುಂತುರು, ಗಾಳಿ, ಮತ್ತೆ ಬಿಸಿಲು. ಛತ್ರಿ ಎರಡು ಸಲ ಉಲ್ಟಾ ಆಯಿತು. ಒಬ್ಬೊಬ್ಬರಾಗಿ ಕಾರಿನಲ್ಲಿ ಬಂದು ಸಹಿ ಮಾಡಿ ಹೋದರು. ತಪ್ಪು ನನ್ನದು ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಯಾರೂ ಗೊಣಗಲಿಲ್ಲ. ಎಲೆನಿ ಮನೆಯಲ್ಲಿ ಮಾಡಿದ ಪಾಲಕ್ ಸೊಪ್ಪಿನ ಪದರು ಕಡುಬಿನಂಥದ್ದನ್ನು ತಂದುಕೊಟ್ಟು, ನಾನು ತಿಂದು ಮುಗಿಸುವವರೆಗೆ ತಾನೇ ಛತ್ರಿ ಹಿಡಿದಳು. ಅಥೆನ್ಸಿನಲ್ಲಿ ನಮಗೆ ನಿನ್ನಂಥ ಗುಮಾಸ್ತೆ ಒಬ್ಬಳು ಸಿಕ್ಕಿದ್ದರೆ ಎಂದಳು. ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದೆ.

ಸೋಮವಾರ ಹತ್ತು ಗಂಟೆಗೆ ಹೊರಟೆವು. ಕಿಂಡರಿನಿಂದ ಕೌನ್ಸಿಲ್ ಕಚೇರಿ ನಡಿಗೆಯ ದಾರಿ, ಒಂದೂವರೆ ಕಿಲೋಮೀಟರ್ ಇರಬಹುದು. ಮುಂದೆ ಎಲೆನಿ, ಸೀಟಿ ಊದುತ್ತ, ಘೋಷಣೆ ಹೇಳಿಕೊಡುತ್ತ. ಹಿಂದೆ ತಳ್ಳುಗಾಡಿಗಳ ಸಾಲು. ಮಕ್ಕಳು ಆಟದ ಅಡುಗೆಮನೆಯ ಪಾತ್ರೆ ಸೌಟು ತಂದು ಬಾರಿಸುತ್ತಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದವರು ಕೆಲವರು, ಅಜ್ಜ ಅಜ್ಜಿಯರು ಹಲವರು. ಇಬ್ಬರು ಪೊಲೀಸರು ರಸ್ತೆ ದಾಟಿಸಿಕೊಟ್ಟು ನಮಗೇ ಶುಭವಾಗಲಿ ಎಂದರು. ವಿದ್ಯಾ ಹಿಂದೆ, ಮಕ್ಕಳನ್ನು ನೋಡಿಕೊಳ್ಳಲು ಮಾತ್ರ ಬಂದಿದ್ದೇನೆ ಎಂದು ಎಲ್ಲರಿಗೂ ಎರಡೆರಡು ಸಲ ಹೇಳುತ್ತ ಬರುತ್ತಿದ್ದಳು. ಫೋಟೊ ತೆಗೆಯುವವರು ಕಂಡಲ್ಲೆಲ್ಲ ಬಗ್ಗಿ ಯಾವುದಾದರೂ ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು.

ಕಚೇರಿಯ ಗಾಜಿನ ಬಾಗಿಲಿಂದ ಒಬ್ಬ ಅಧಿಕಾರಿ ಹೊರಗೆ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬಹಳ ಮರ್ಯಾದೆ. ಬಂದದ್ದಕ್ಕೆ ಧನ್ಯವಾದ, ನಿಮ್ಮ ಕಳಕಳಿ ನಮಗೆ ಅರ್ಥವಾಗುತ್ತದೆ, ಇದನ್ನು ಸಂಬಂಧಪಟ್ಟವರಿಗೆ ಮುಟ್ಟಿಸುತ್ತೇನೆ ಎಂದು ಕೈ ಚಾಚಿದ. ಮುಖದ ತುಂಬ ನಗು. ಆ ನಗು ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷ ಅದನ್ನು ನಾನೇ ನಕ್ಕಿದ್ದೆ. ಕಾಗದ ಕೊಡದೆ, ನಂಬರ್ ಹಾಕಿ ನಮ್ಮ ಪ್ರತಿಯ ಮೇಲೆ ಸೀಲ್ ಒತ್ತಿ ಕೊಡಿ ಎಂದೆ. ಇಮೇಲ್ ಕಳಿಸುತ್ತೇವೆ ಎಂದ. ಈಗಲೇ ಬೇಕು ಎಂದೆ. ಸ್ವಲ್ಪ ಸಮಯ ಹಿಡಿಯುತ್ತದೆ ಎಂದ. ನನಗೆ ಸಮಯವಿದೆ, ನಾನು ರಿಟೈರ್ಡು ಎಂದೆ.

ಅವನು ನಗುತ್ತ ಒಳಗೆ ಹೋದ. ನಾವೂ ಅವನ ಹಿಂದೆಯೇ ಒಳಗೆ ಹೋದೆವು. ಪಿಲಾರ್ ಒಂದು ಮಾತೂ ಆಡದೆ ಕೌಂಟರಿನ ಮುಂದೆ ಕಂಬಳಿ ಹಾಸಿದಂಥ ನೆಲದ ಮೇಲೆ ಕೂತಳು. ಅವಳ ಅವಳಿ ಮಕ್ಕಳು ಕೂತವು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಎಲೆನಿ ಸೀಟಿಯನ್ನು ಜೇಬಿಗೆ ಹಾಕಿ ತಾನೂ ಕೂತಳು, ಅವಳ ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲಿರಬೇಕು. ನನ್ನ ಮೊಣಕಾಲಿಗೆ ನೆಲ ಆಗುವುದಿಲ್ಲ, ನಾನೊಬ್ಬಳೇ ಕಾಗದ ಹಿಡಿದು ಕೌಂಟರಿಗೆ ಆನಿಕೊಂಡು ನಿಂತೆ. ಮುಕ್ಕಾಲು ತಾಸಾಯಿತು. ಮಕ್ಕಳು ಬಿಸ್ಕತ್ತು ತಿಂದು ಮುಗಿಸಿದವು, ಒಂದು ಕೂಸು ಮಲಗಿತು. ತೆರಿಗೆ ಕಟ್ಟಲು ಬಂದ ಒಬ್ಬ ಮುದುಕ ವಿಷಯ ಕೇಳಿ ತಾನೂ ಸಹಿ ಹಾಕಿದ.

ಕೊನೆಗೆ ಅದೇ ಅಧಿಕಾರಿ ಮತ್ತೆ ಬಂದ. ಈ ಸಲ ನಗು ಇರಲಿಲ್ಲ, ಕಂಪ್ಯೂಟರಿನ ಮುಂದೆ ಕೂತ. ದಾಖಲು ಮಾಡಿಕೊಳ್ಳುತ್ತೇನೆ, ಆದರೆ ನಿಯಮದ ಪ್ರಕಾರ ಮುಖ್ಯ ಅರ್ಜಿದಾರರೆಂದು ಒಬ್ಬರ ಹೆಸರು, ವಿಳಾಸ ಬೇಕು, ಮುಂದಿನ ಪತ್ರವ್ಯವಹಾರವೆಲ್ಲ ಅವರ ಜೊತೆಗೇ ಎಂದ. ನಾನು ಕಣ್ಣು ಮುಚ್ಚಿಕೊಂಡೆ. ವಿದ್ಯಾಳ ಕಡೆ ನೋಡಬಾರದು ಎಂದು ಮನಸ್ಸಿಗೆ ಕಟ್ಟಪ್ಪಣೆ ಮಾಡಿದೆ. ಎಲೆನಿ ಕೂತಲ್ಲಿಂದಲೇ ಕೈ ಎತ್ತಿದಳು. ಅವಳು ಇಲ್ಲಿನ ಪ್ರಜೆ, ಅವಳಿಗೆ ಯಾರ ಭಯವೂ ಇಲ್ಲ. ಅಲ್ಲಿಗೆ ಮುಗಿಯುತ್ತಿತ್ತು.

ಆಗ ಹಿಂದಿನಿಂದ ವಿದ್ಯಾ ಎದ್ದು ಬಂದಳು. ಯಾರದೋ ಮಗು ಅವಳ ಕಂಕುಳಲ್ಲಿತ್ತು. ಅದನ್ನು ನನ್ನ ಕೈಗೆ ಕೊಟ್ಟಳು.

"ಎಲೆನಿ, ಬೇಡ. ನನ್ನ ಕ್ಲಾಸು, ನನ್ನ ಮಕ್ಕಳು. ನನ್ನ ಹೆಸರೇ ಬರೆದುಕೊಳ್ಳಲಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಅಧಿಕಾರಿಯಿಂದ ಬರೆಸಿದಳು.

ಪ್ರಿಂಟರಿನಿಂದ ರಸೀದಿ ಬಂತು. ಅದರ ಮೇಲೆ ನಂಬರ್ ಇತ್ತು. ಕೂತವರೆಲ್ಲ ಎರಡೂ ಕೈ ಎತ್ತಿ ಬೆರಳು ಅಲುಗಿಸಿದರು, ಈ ಸಲ ನನಗೆ ನಗು ಬರಲಿಲ್ಲ. ಮುಖ್ಯ ಅರ್ಜಿದಾರರಿಗೆ ಮುಂದಿನ ವಾರದ ಕೌನ್ಸಿಲ್ ಸಭೆಯಲ್ಲಿ ಮೂರು ನಿಮಿಷ ಮಾತಾಡಲು ಅವಕಾಶವಿದೆ ಎಂದು ಅಧಿಕಾರಿ ಹೇಳಿದಾಗ ವಿದ್ಯಾಳ ಮುಖ ನೋಡಬೇಕಿತ್ತು. ಹೆಸರು ಕೊಟ್ಟಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದಳು.

ಉಳಿದ ದಿನಗಳಲ್ಲಿ ನಾನು ಊರು ನೋಡಿದೆ. ಪೇಟೆಯ ಟ್ರಾಮ್ ಹತ್ತಿಳಿದೆ, ನಡುಪೇಟೆಯಲ್ಲಿ ಅದಕ್ಕೆ ಟಿಕೆಟ್ಟೇ ಇಲ್ಲ. ಕ್ಲೈಡ್ ನಾರ್ತ್‌ನಲ್ಲಿರುವ ಬೆಳಗಾವಿ ಕಡೆಯ ಪರಿಚಿತರ ಮನೆಗೆ ಊಟಕ್ಕೆ ಹೋದೆ, ಒಂದೇ ಊರಿನೊಳಗೆ ಎರಡು ತಾಸಿನ ಪ್ರಯಾಣ. ಅಲ್ಲಿ ಒಬ್ಬರು, ನಮ್ಮವರಿಗೆ ಇದೆಲ್ಲ ಬೇಕಾ ಆಂಟಿ, ತಲೆ ತಗ್ಗಿಸಿಕೊಂಡಿದ್ದು ಪಿಆರ್ ತಗೊಂಡ್ರಾಯ್ತು ಎಂದರು. ತಲೆ ತಗ್ಗಿಸಿದವರ ಕಾಗದ ಎಲ್ಲಿರುತ್ತದೆಂದು ನನಗೆ ಗೊತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ, ಹೋಳಿಗೆ ಬಡಿಸಿದರು. ಸಂಜೆಗಳಲ್ಲಿ ವಿದ್ಯಾ ಮೂರು ನಿಮಿಷದ ಮಾತನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ. ತೋರಿಸು ಎಂದೂ ಕೇಳಲಿಲ್ಲ. ನನ್ನಂಥವಳಿಗೆ ಅದು ಸಣ್ಣ ಶಿಕ್ಷೆಯಲ್ಲ.

ಕೌನ್ಸಿಲ್ ಸಭೆ ಮಂಗಳವಾರ ಸಂಜೆ ಏಳಕ್ಕೆ. ನನ್ನ ಸಿಡ್ನಿ ರೈಲು ಅದೇ ಸಂಜೆ ಏಳೂ ಐವತ್ತಕ್ಕೆ. ಗುರುವಾರ ಅಶ್ವಿನಿಗೆ ಸಣ್ಣದೊಂದು ಆಪರೇಷನ್ ಇತ್ತು, ದಿನ ಬದಲಿಸುವಂತಿರಲಿಲ್ಲ. ಸಂಗಮೇಶ ಬಿಟ್ಟುಬರುತ್ತೇನೆ ಎಂದ. ಬೇಡ, ನೀನು ಅವಳ ಜೊತೆ ಹೋಗು ಎಂದು ನಾನೇ ಕಳಿಸಿದೆ. ಟಾರ್ನೀಟಿನಿಂದ ಒಬ್ಬಳೇ ರೈಲಿನಲ್ಲಿ ಬಂದು, ಕೇಳಿ ಕೇಳಿ ಪ್ಲಾಟ್‌ಫಾರ್ಮ್ ಹುಡುಕಿ ನನ್ನ ಸೀಟಿನಲ್ಲಿ ಕೂತೆ. ಬೀಳ್ಕೊಡಲು ಯಾರೂ ಇರಲಿಲ್ಲ, ಎಲ್ಲರೂ ಆ ಸಭೆಯಲ್ಲಿದ್ದರು. ಅದರಿಂದ ನನಗೆ ಆದ ಸಂತೋಷವನ್ನು ಯಾರಿಗೂ ಹೇಳಿ ತಿಳಿಸಲಾಗದು.

ಇಲ್ಲಿನ ಕೌನ್ಸಿಲ್ ಸಭೆಗಳನ್ನು ಫೋನಿನಲ್ಲೇ ನೋಡಬಹುದು. ಹೇಗೆಂದು ಸಾನ್ವಿ ತೋರಿಸಿಕೊಟ್ಟಿದ್ದಳು. ರೈಲು ಹೊರಟಾಗ ಯಾವುದೋ ರಸ್ತೆ ದೀಪದ ಚರ್ಚೆ ನಡೆದಿತ್ತು. ಊರ ಅಂಚಿನ ಮನೆಗಳ ದೀಪ ಸರಿದವು, ಕ್ರೇಗಿಬರ್ನ್ ಬಂತು, ಹೋಯಿತು. ಆಗ ಅಧ್ಯಕ್ಷೆ ವಿದ್ಯಾಳ ಹೆಸರು ಕರೆದಳು, ಉಚ್ಚಾರ ತಪ್ಪಾಗಿ. ವಿದ್ಯಾ ಎದ್ದು ಮೈಕಿನ ಮುಂದೆ ಬಂದು, ಮೊದಲು ತನ್ನ ಹೆಸರನ್ನು ಸರಿಯಾಗಿ ಹೇಳಿದಳು. ಕೈಯಲ್ಲಿ ಕಾಗದವಿರಲಿಲ್ಲ.

"ನಾನು ಈ ಕಿಂಡರಿನ ಟೀಚರು. ನನ್ನ ವೀಸಾ ಈ ಕೆಲಸದ ಮೇಲೆ ನಿಂತಿದೆ" ಎಂದಳು. "ಕಳೆದುಕೊಳ್ಳಲು ಏನೂ ಇಲ್ಲದವಳು ಬಂದು ಮಾತಾಡುತ್ತಿದ್ದಾಳೆ ಎಂದು ನೀವು ತಿಳಿಯಬಾರದು, ಅದಕ್ಕೇ ಇದನ್ನು ಮೊದಲು ಹೇಳಿದೆ. ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ."

ಅಲ್ಲಿಗೆ ಚಿತ್ರ ನಿಂತಿತು. ಬಯಲಿನಲ್ಲಿ ನೆಟ್‌ವರ್ಕ್ ಇಲ್ಲ. ಬಾಯಿ ಅರ್ಧ ತೆ‌ರೆದ ವಿದ್ಯಾ ನನ್ನ ಅಂಗೈಯಲ್ಲಿ ಹಾಗೇ ಇದ್ದಳು. ಫೋನನ್ನು ಕಿಟಕಿಗೆ ಹಿಡಿದೆ, ಮೇಲೆ ಹಿಡಿದೆ, ಎದ್ದು ಬೋಗಿಯ ನಡುವಿನ ದಾರಿಗೆ ಬಂದು ಹಿಡಿದೆ. ಮುಂದಿನ ಸೀಟಿನ ಹೆಂಗಸು, ಏನಾದರೂ ತೊಂದರೆಯೇ ಎಂದು ಕೇಳಿದಳು.

"ತೊಂದರೆಯಿಲ್ಲ" ಎಂದೆ. "ನಮ್ಮ ಹುಡುಗಿ ಮಾತಾಡುತ್ತಿದ್ದಾಳೆ."

ವಾಲನ್ ಎಂಬ ಊರಿನ ಹತ್ತಿರ ಚಿತ್ರ ಮತ್ತೆ ಬಂದಾಗ ಮಾತು ಮುಗಿದು ಕೌನ್ಸಿಲರುಗಳು ಕೈ ಎತ್ತಿ ಮತ ಹಾಕಿ ಕೆಳಗಿಳಿಸುತ್ತಿದ್ದರು. ಏನಾಯಿತೆಂದು ತಿಳಿಯುವ ಮೊದಲೇ ಮುಂದಿನ ವಿಷಯ ಶುರುವಾಯಿತು. ಎರಡು ನಿಮಿಷಕ್ಕೆ ವಿದ್ಯಾಳ ಸಂದೇಶ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕನ್ನಡ.

"ಒಂದ್ ವರ್ಷ ಕೊಟ್ರು ದೊಡ್ಡವ್ವಾ. ಒಂದ ವರ್ಷ ಅಷ್ಟ. ಅಷ್ಟರಾಗ ಪಿಆರ್ ಬಂದ್ರೂ ಬರ್ಲಿಲ್ಲಂದ್ರೂ, ಮುಂದಿನ ವರ್ಷ ಮತ್ತ ಕೌನ್ಸಿಲ್ ಮುಂದ ಹೋಗಾಕಿ ನಾನ."

ಎರಡು ಸಲ ಓದಿದೆ. ಆಮೇಲೆ ಆ ಹೆಂಗಸು ನನ್ನ ಮೊಣಕೈ ಹಿಡಿದು, ಇನ್ನು ಕೂತುಕೊಳ್ಳಿ ಎಂದಳು. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ.